ಅಯೋನಾ ದಾರಿಯಲ್ಲಿ ಹರಿಹರ

ನನ್ನ ಲ್ಯಾಪ್‌ಟಾಪಿನಲ್ಲಿ ‘ಅಯೋನಾ’ ಅಂತ ಒಂದು ಎಕ್ಸೆಲ್ ಶೀಟ್ ಇದೆ. ಕಳೆದ ದಸರಾ ರಜೆಗೆ ದಾವಣಗೆರೆಗೆ ಬಂದಾಗ ಅದರಲ್ಲಿ 22 ಸಾಲುಗಳಿದ್ದವು. ವೀಸಾಕ್ಕೊಂದು, ವಿಮಾನಕ್ಕೆರಡು, ರೈಲಿಗೊಂದು, ಹಡಗಿಗೆರಡು, ನಡುವಿನ ಬಸ್ಸಿಗೊಂದು, ಮಳೆ ಜಾಕೆಟ್ಟಿಗೊಂದು, ಹೀಗೆ. ಹಸಿರು ಬಣ್ಣ ಇದ್ದರೆ ಕೆಲಸ ಆಗಿದೆ, ಹಳದಿ ಇದ್ದರೆ ಆಗಬೇಕು, ಕೆಂಪು ಇದ್ದರೆ ಮ್ಯಾನೇಜರ್ ಇನ್ನೂ ಹ್ಞೂಂ ಅಂದಿಲ್ಲ.

ರಾತ್ರಿ ಹನ್ನೊಂದರ ಹೊತ್ತಿಗೆ ಪಡಸಾಲೆಯಲ್ಲಿ ಕೂತು ಅದನ್ನೇ ತುಂಬುತ್ತಿದ್ದೆ. ಒಳಗಿನ ಕೋಣೆಯಲ್ಲಿ ಅಪ್ಪ ಕೆಮ್ಮಿದರು. ನಾನು ತಲೆ ಎತ್ತುವುದರೊಳಗೆ ಅಕ್ಕ ಎದ್ದು ಹೋಗಿ, ಅವರನ್ನು ಮಗ್ಗುಲು ತಿರುಗಿಸಿ, ಎರಡು ಗುಟುಕು ನೀರು ಕುಡಿಸಿ ಬಂದಿದ್ದಳು. ಬಂದವಳು ನನ್ನ ಹಿಂದೆ ನಿಂತು ಸ್ಕ್ರೀನ್ ನೋಡಿದಳು.

“ಏನೋ ಇದು, ಆಫೀಸ್ ಕೆಲಸನಾ?”

“ಅಲ್ಲಕ್ಕ. ಒಂದು ದ್ವೀಪಕ್ಕೆ ಹೋಗೋ ಪ್ಲಾನು. ಮೇ ತಿಂಗಳಲ್ಲಿ, ಒಂದು ವಾರ.”

“ಅಲ್ಲೇನೈತಿ?”

“ಒಂದು ಹಳೇ ಚರ್ಚು, ಅದಕ್ಕೆ ಹೊಂದಿಕೊಂಡು ಉಳ್ಕೊಳ್ಳೋಕೆ ಮನೆ. ರಿಟ್ರೀಟ್ ಅಂತಾರೆ. ಎಲ್ಲಾ ಬಿಟ್ಟು ಸುಮ್ನೆ ಇದ್ದು ಬರೋದು.”

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದೇ ಪ್ರಶ್ನೆ ಕೇಳಿದಳು. “ಅಲ್ಲಿ ಫೋನ್ ಸಿಗುತ್ತಾ?”

“ಸಿಗುತ್ತೆ. ಆದ್ರೆ ನಾನು ಆಫ್ ಮಾಡಿಡೋಣ ಅಂತಿದೀನಿ.”

“ಹ್ಞೂಂ” ಅಂದಳು. ಲೈಟ್ ಆರಿಸಿ ಮಲಗಲು ಹೋದಳು. ನಾನು ಕತ್ತಲೆಯಲ್ಲೇ ಇನ್ನೊಂದು ಸಾಲಿಗೆ ಹಸಿರು ಬಳಿದೆ.

ಫೋನ್ ಆಫ್ ಮಾಡುವುದೇ ಈ ಪ್ಲಾನಿನ ಮೂಲ ಉದ್ದೇಶ ಅಂತ ಅವಳಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಮೂರು ವರ್ಷದ ಹಿಂದೆ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತಿನ ಅರ್ಧ ಹೋಯಿತು. ಎರಡು ಓಣಿ ಆಚೆ ಬಾಡಿಗೆಗಿದ್ದ ಅಕ್ಕ, ಭಾವ, ಅವರ ಮಗಳು ಸಾಮಾನು ಕಟ್ಟಿಕೊಂಡು ಅಪ್ಪನ ಮನೆಗೇ ಬಂದರು. ನಾನು ಬೆಂಗಳೂರಿನಿಂದ ದುಡ್ಡು ಕಳಿಸುತ್ತೇನೆ, ತಿಂಗಳಿಗೊಮ್ಮೆ ಬಂದು ಹೋಗುತ್ತೇನೆ. ಹೊತ್ತಲ್ಲದ ಹೊತ್ತಲ್ಲಿ ಫೋನಿನ ಮೇಲೆ ‘ಅಕ್ಕ’ ಅಂತ ಹೆಸರು ಮೂಡಿದರೆ ಎದೆ ಧಸಕ್ಕೆನ್ನುತ್ತದೆ. ತೊಂಬತ್ತು ಸಲ ಅದು “ಗ್ಯಾಸ್ ಬುಕ್ ಮಾಡಿದ್ಯಾ?” ಅನ್ನೋ ಫೋನೇ ಆಗಿರುತ್ತದೆ. ಆದರೂ ಎದೆಗೆ ಅದು ಗೊತ್ತಾಗುವುದಿಲ್ಲ. ಆಫೀಸಿನ ಫೋನುಗಳು ಬೇರೆ. ಒಂದು ವಾರ, ಒಂದೇ ಒಂದು ವಾರ, ಯಾರ ಕೈಗೂ ಸಿಗದ ಹಾಗೆ ಇದ್ದರೆ ಹೇಗಿರುತ್ತದೆ ಅಂತ ಯೋಚಿಸುವುದೇ ನನಗೊಂದು ಚಟವಾಗಿಬಿಟ್ಟಿತ್ತು.

ಅಯೋನಾ ಹೆಸರು ಕೇಳಿದ್ದು ಒಂದು ಮೀಟಿಂಗಿನಲ್ಲಿ. ನಮ್ಮ ಕ್ಲೈಂಟ್ ಕಡೆ ಗ್ಲಾಸ್ಗೋದಲ್ಲಿ ಒಬ್ಬ ಹಿರಿಯ ಹೆಂಗಸು ಇದ್ದಾರೆ. “ಮುಂದಿನ ವಾರ ನಾನು ಇರುವುದಿಲ್ಲ, ದ್ವೀಪಕ್ಕೆ ಹೋಗಿ ಪಾತ್ರೆ ತೊಳೆಯುತ್ತೇನೆ” ಅಂದರು. ಎಲ್ಲರೂ ನಕ್ಕರು. ನಾನು ಅವತ್ತು ರಾತ್ರಿ ಹುಡುಕಿದೆ.

ಅಯೋನಾ ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆ ಇರುವ ಪುಟ್ಟ ದ್ವೀಪ. ಉದ್ದ ಐದು ಕಿಲೋಮೀಟರಿನಷ್ಟು, ಅಗಲ ಎರಡರಷ್ಟು. ಅಲ್ಲಿ ವರ್ಷವಿಡೀ ವಾಸ ಇರುವವರು ಇನ್ನೂರಕ್ಕಿಂತ ಕಡಿಮೆ. ನಮ್ಮ ಓಣಿಯ ಗಣಪತಿ ಪ್ರಸಾದಕ್ಕೆ ಇದಕ್ಕಿಂತ ದೊಡ್ಡ ಸಾಲು ನಿಲ್ಲುತ್ತದೆ. ಹೊರಗಿನವರು ಕಾರು ತರುವ ಹಾಗಿಲ್ಲ. ಕ್ರಿ.ಶ. 563ರಲ್ಲಿ ಐರ್ಲೆಂಡಿನಿಂದ ಕೊಲಂಬಾ ಎಂಬ ಸನ್ಯಾಸಿ ಹನ್ನೆರಡು ಜನ ಜೊತೆಗಾರರೊಂದಿಗೆ ದೋಣಿಯಲ್ಲಿ ಬಂದು ಇಲ್ಲಿ ಮಠ ಕಟ್ಟಿದ. ಸ್ಕಾಟ್ಲೆಂಡಿನ ಉತ್ತರ ಭಾಗಕ್ಕೆ ಕ್ರೈಸ್ತ ಧರ್ಮ ಹಬ್ಬಿದ್ದು ಬಹುಮಟ್ಟಿಗೆ ಈ ಮಠದ ಮೂಲಕ. 795ರಿಂದ ವೈಕಿಂಗರು ಮತ್ತೆ ಮತ್ತೆ ಬಂದು ಲೂಟಿ ಮಾಡಿದರು. 806ರ ದಾಳಿಯಲ್ಲಿ 68 ಜನ ಸತ್ತರು. ಆಮೇಲೆ ಸುಮಾರು 1200ರ ಹೊತ್ತಿಗೆ ಬೆನೆಡಿಕ್ಟೈನ್ ಸನ್ಯಾಸಿಗಳ ಕಲ್ಲಿನ ಮಠ ಎದ್ದಿತು. ಈಗ ಇರುವುದು ಅದರದೇ ಕಟ್ಟಡ, ಪಾಳು ಬಿದ್ದು ಮತ್ತೆ ಕಟ್ಟಿಸಿಕೊಂಡದ್ದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊಲಂಬಾನ ಬಗ್ಗೆ ಅಲ್ಲಿನವರು ಹೇಳುವ ಒಂದು ಕಥೆ. ಐರ್ಲೆಂಡಿನಲ್ಲಿ ಅವನಿಗೂ ದೊಡ್ಡವರಿಗೂ ಜಗಳವಾಗಿ, ಯುದ್ಧವಾಗಿ, ಜನ ಸತ್ತು, ಆ ಪಾಪಕ್ಕೆ ಊರು ಬಿಟ್ಟು ಹೊರಟನಂತೆ. ಊರು ಕಣ್ಣಿಗೆ ಬೀಳದ ಜಾಗದಲ್ಲೇ ನೆಲೆ ನಿಲ್ಲಬೇಕು ಅನ್ನುವುದು ಅವನ ಹಟ. ಅಯೋನಾದಲ್ಲಿ ಇಳಿದವನೇ ಗುಡ್ಡ ಹತ್ತಿ ದಕ್ಷಿಣಕ್ಕೆ ನೋಡಿದ. ಐರ್ಲೆಂಡ್ ಕಾಣಲಿಲ್ಲ. ಸರಿ, ಇಲ್ಲೇ, ಅಂದ. ಆ ಗುಡ್ಡಕ್ಕೆ ಇವತ್ತಿಗೂ ಅಲ್ಲಿನ ಭಾಷೆಯಲ್ಲಿ ‘ಐರ್ಲೆಂಡಿಗೆ ಬೆನ್ನು ಹಾಕಿದ್ದು’ ಎಂಬ ಅರ್ಥದ ಹೆಸರಿದೆ.

ಓದಿದ ಕೂಡಲೇ ನನಗನ್ನಿಸಿತು: ನನಗೆ ಬೇಕಾದ ಗುಡ್ಡ ಇದೇ. ಅಲ್ಲಿಂದ ದಾವಣಗೆರೆ ಕಾಣಬಾರದು.

ಮಾರನೇ ದಿನ ಬೆಳಿಗ್ಗೆ ತಿಂಡಿ ಹೊತ್ತಿಗೆ ಅಪ್ಪನಿಗೂ ವಿಷಯ ಗೊತ್ತಾಗಿತ್ತು. ಪಡಸಾಲೆಯ ಕುರ್ಚಿಯಲ್ಲಿ ಕೂತು, ಎಡಗೈಯಲ್ಲಿ ಸನ್ನೆ ಮಾಡಿ ಕರೆದರು. “ಹ್ಯಾಂಗ್ ಹೋಗೋದು?” ಅಪ್ಪನ ಮಾತು ಈಗ ನಿಧಾನ, ಸ್ವಲ್ಪ ತೊದಲು. ಆದರೆ ಹೋಗುವ ದಾರಿ ಅಂದರೆ ಮೊದಲಿನಿಂದಲೂ ಅವರಿಗೆ ಇಷ್ಟ. ಹೊಸ ಊರಿನ ಹೆಸರು ಕೇಳಿದರೆ ಯಾವ ಬಸ್ಸು, ಎಲ್ಲಿ ಇಳಿಯೋದು ಅಂತ ಕೇಳುವವರು.

ಹೇಳಿದೆ. ಬೆಂಗಳೂರಿನಿಂದ ದುಬೈ ಇಲ್ಲಾ ಲಂಡನ್‌ನಲ್ಲಿ ವಿಮಾನ ಬದಲಿಸಿ ಗ್ಲಾಸ್ಗೋ. ಒಂದು ರಾತ್ರಿ ಅಲ್ಲಿ. ಬೆಳಿಗ್ಗೆ ಓಬನ್ ಎಂಬ ಬಂದರಿನ ಊರಿಗೆ ರೈಲು, ಮೂರು ತಾಸಿನ ಮೇಲೆ ಹಿಡಿಯುತ್ತದೆ. ಓಬನ್‌ನಿಂದ ಸುಮಾರು 50 ನಿಮಿಷ ಹಡಗಿನಲ್ಲಿ ಹೋದರೆ ಮಲ್ ಎಂಬ ದೊಡ್ಡ ದ್ವೀಪ. ಆ ದ್ವೀಪದ ಈ ತುದಿಯಿಂದ ಆ ತುದಿಗೆ ಬಸ್ಸು, ಸುಮಾರು 60 ಕಿಲೋಮೀಟರ್. ಬಹುಪಾಲು ಒಂದೇ ಗಾಡಿ ಹಿಡಿಸುವ ರಸ್ತೆ, ಎದುರು ಗಾಡಿ ಬಂದರೆ ಅಲ್ಲಲ್ಲಿ ಅಗಲ ಮಾಡಿಟ್ಟ ಜಾಗದಲ್ಲಿ ನಿಂತು ದಾರಿ ಬಿಡಬೇಕು. ರಸ್ತೆ ಮುಗಿಯುವ ಕಡೆ ಸಮುದ್ರ. ಅಲ್ಲಿಂದ ಇನ್ನೊಂದು ಸಣ್ಣ ಹಡಗು, ಹತ್ತು ನಿಮಿಷ. ಗಾಳಿ ಜೋರಿದ್ದರೆ ಅದು ಬರುವುದಿಲ್ಲ. ಅದಕ್ಕೇ ವಾಪಸ್ ವಿಮಾನದ ಮುಂಚೆ ಒಂದು ದಿನ ಖಾಲಿ ಇಟ್ಟುಕೊಂಡಿರಬೇಕು. ಇದನ್ನು ಯಾರಾದರೂ ಅಲ್ಲಿಗೆ ಹೋಗುವವರಿದ್ದರೆ ಬರೆದಿಟ್ಟುಕೊಳ್ಳಿ.

ಅಪ್ಪ ಬೆರಳಲ್ಲಿ ಲೆಕ್ಕ ಹಾಕಿದರು. “ಏಳು ಗಾಡಿ” ಅಂದರು, ಬೆಂಗಳೂರಿಗೆ ಹೋಗುವ ರೈಲನ್ನೂ ಸೇರಿಸಿ. ಮುಖದಲ್ಲಿ ಮೆಚ್ಚುಗೆ ಇತ್ತು.

ಇಲ್ಲೊಂದು ಮಾತು ಹೇಳಬೇಕು. ರಿಟ್ರೀಟ್ ಅಂದರೆ ನಮ್ಮ ಆಫೀಸಿನವರಿಗೆ ತಕ್ಷಣ ನೆನಪಾಗುವುದು ವಿಪಶ್ಯನ. ಹತ್ತು ದಿನ ಮೌನ, ಫೋನ್ ಬಾಗಿಲಲ್ಲೇ ಒಪ್ಪಿಸಬೇಕು. ಕ್ರೈಸ್ತರಲ್ಲೂ ಅಂಥ ಮೌನದ ಮನೆಗಳಿವೆ. ಮಂಗಳೂರಿನಲ್ಲಿ ಜೆಸ್ವಿಟ್ ಪಾದ್ರಿಗಳ ಫಾತಿಮಾ ರಿಟ್ರೀಟ್ ಹೌಸ್ ಇದೆ. ಜೆಸ್ವಿಟರ ಸಂಪ್ರದಾಯದಲ್ಲಿ ಎಂಟು ದಿನದ್ದು, ಮೂವತ್ತು ದಿನದ್ದು ಅಂತ ಧ್ಯಾನದ ಕ್ರಮಗಳಿವೆ, ಜೊತೆಗೆ ದಾರಿ ತೋರಿಸುವ ಒಬ್ಬರು ಇರುತ್ತಾರೆ. ನಾನೂ ಅಯೋನಾ ಅಂದರೆ ಅದೇ ಅಂದುಕೊಂಡಿದ್ದೆ. ಕೋಣೆ, ಕಿಟಕಿ, ಕಿಟಕಿಯಾಚೆ ಸಮುದ್ರ, ಒಳಗೆ ನಾನೊಬ್ಬನೇ.

ಹಾಗಿಲ್ಲ. ಅಯೋನಾದ ಮಠದಲ್ಲಿ ಉಳಿಯುವುದು ಅಂದರೆ ಹೆಚ್ಚಾಗಿ ಅಪರಿಚಿತರ ಜೊತೆ ಕೋಣೆ ಹಂಚಿಕೊಳ್ಳುವುದು, ಉದ್ದ ಮೇಜಿನಲ್ಲಿ ಒಟ್ಟಿಗೆ ಉಣ್ಣುವುದು, ಬೆಳಿಗ್ಗೆ ರಾತ್ರಿ ಪ್ರಾರ್ಥನೆಗೆ ಕೂರುವುದು, ವಾರದಲ್ಲೊಂದು ದಿನ ದ್ವೀಪ ಸುತ್ತುವ ಪಾದಯಾತ್ರೆ. ಮುಖ್ಯವಾಗಿ, ಬಂದ ಅತಿಥಿಗಳಿಗೆಲ್ಲ ಕೆಲಸ ಹಂಚುತ್ತಾರೆ. ತರಕಾರಿ ಹೆಚ್ಚೋದು, ಪಾತ್ರೆ ತೊಳೆಯೋದು, ನೆಲ ಗುಡಿಸೋದು, ಬಾತ್‌ರೂಮ್ ತಿಕ್ಕೋದು. ಯಾವ ಧರ್ಮದವರಾದರೂ, ಧರ್ಮವೇ ಬೇಡ ಅನ್ನುವವರಾದರೂ ಬರಬಹುದು. ಕೆಲಸ ಮಾತ್ರ ತಪ್ಪುವುದಿಲ್ಲ. ಅದು ಸಂಬಳದ ಜನ ಉಳಿಸುವ ಉಪಾಯವಲ್ಲ, ಪ್ರಾರ್ಥನೆಯ ಇನ್ನೊಂದು ಭಾಗ ಅನ್ನುತ್ತಾರೆ.

ಇದರ ಹಿಂದೆ ಒಂದು ಕಥೆಯಿದೆ. ಅದನ್ನು ನಾನು ಅವತ್ತು ಮಧ್ಯಾಹ್ನ ಅಪ್ಪನಿಗೆ ಹೇಳಿದೆ.

1930ರ ದಶಕ. ಗ್ಲಾಸ್ಗೋದಲ್ಲಿ ಗೋವನ್ ಅಂತ ಹಡಗು ಕಟ್ಟುವವರ ಪೇಟೆ. ಆರ್ಥಿಕ ಕುಸಿತ ಬಂದು ಯಾರ್ಡುಗಳಲ್ಲಿ ಕೆಲಸ ನಿಂತು ಗಂಡಸರೆಲ್ಲ ಮನೆಯಲ್ಲಿ ಕೂತಿದ್ದರು. ಅಲ್ಲಿನ ಚರ್ಚಿನ ಪಾದ್ರಿ ಜಾರ್ಜ್ ಮೆಕ್ಲೌಡ್ ದೊಡ್ಡ ಮನೆತನದವನು, ಒಳ್ಳೇ ಮಾತುಗಾರ. ಚರ್ಚು ಒಂದು ಕಡೆ, ಜನರ ಬದುಕು ಒಂದು ಕಡೆ ಆಗಿಬಿಟ್ಟಿದೆ ಅಂತ ಅವನಿಗನ್ನಿಸಿತು. 1938ರಲ್ಲಿ ಆ ಹುದ್ದೆ ಬಿಟ್ಟ. ಅಯೋನಾದ ಚರ್ಚು ಆ ಹೊತ್ತಿಗೆ ರಿಪೇರಿಯಾಗಿತ್ತು, ಆದರೆ ಸನ್ಯಾಸಿಗಳು ವಾಸ ಮಾಡುತ್ತಿದ್ದ ಕಟ್ಟಡಗಳು ಪಾಳು ಬಿದ್ದಿದ್ದವು. ಕೆಲಸವಿಲ್ಲದ ಗಾರೆಯವರನ್ನೂ ಬಡಗಿಗಳನ್ನೂ, ಪಾದ್ರಿಯಾಗಲು ಓದುತ್ತಿದ್ದ ಹುಡುಗರನ್ನೂ ಕರೆದುಕೊಂಡು ಹೋಗಿ ಅವನ್ನು ಮತ್ತೆ ಕಟ್ಟಲು ಶುರು ಮಾಡಿದ. ಅಯೋನಾ ಕಮ್ಯೂನಿಟಿ ಹುಟ್ಟಿದ್ದು ಹಾಗೆ. ಕುಶಲಕರ್ಮಿಗಳು ಮೇಸ್ತ್ರಿಗಳು, ಪಾದ್ರಿ ಹುಡುಗರು ಅವರ ಕೈಕೆಳಗಿನ ಆಳುಗಳು. ಕಟ್ಟಿ ಮುಗಿಸಲು 1965ರವರೆಗೆ ಹಿಡಿಯಿತು.

ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದರು. ನಿದ್ದೆ ಹೋದರೇನೋ ಅಂದುಕೊಂಡೆ. ಅಪ್ಪ ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ ಮುಗಿಯುತ್ತಾ ಬಂದಿತ್ತು. ಒಂದೊಂದೇ ಗಿರಣಿ ಮುಚ್ಚಿದ ಹಾಗೆ ಅವರದ್ದೂ ಮುಚ್ಚಿತು. ಆಮೇಲೆ ಇಪ್ಪತ್ತು ವರ್ಷ ಪಂಪು, ಮೋಟರ್ ರಿಪೇರಿ ಮಾಡಿಕೊಂಡೇ ನನ್ನನ್ನು ಇಂಜಿನಿಯರಿಂಗ್ ಓದಿಸಿದರು.

ಕಣ್ಣು ಬಿಡದೆಯೇ ಕೇಳಿದರು. “ಕೂಲಿ ಕೊಟ್ರಾ?”

“ಕೊಟ್ಟಿರ್ತಾರಪ್ಪ.”

“ಪಾದ್ರಿಗಳೇ ಕಲ್ಲು ಹೊತ್ರಾ?”

“ಹೌದಂತೆ. ಮೇಸ್ತ್ರಿ ಹೇಳಿದ ಹಾಗೆ.”

“ಚಲೋ ಮಾಡ್ಯಾರ” ಅಂದರು ಅಪ್ಪ. ಎಷ್ಟೋ ದಿನದ ಮೇಲೆ ಬಾಯಿ ಒಂದು ಕಡೆಗೆ ಎಳೆದುಕೊಂಡು ನಕ್ಕರು.

ನನಗೂ ಖುಷಿಯಾಯಿತು. ಲ್ಯಾಪ್‌ಟಾಪ್ ತೆಗೆದು ಶೀಟಿನಲ್ಲಿ ‘ಕೆಲಸ’ ಅಂತ ಹೊಸ ಸಾಲು ಸೇರಿಸಿ, ಪಕ್ಕದಲ್ಲಿ ಟೈಪ್ ಮಾಡಿದೆ: ‘ಅಡುಗೆಮನೆ ಸಿಕ್ಕರೆ ಒಳ್ಳೇದು. ಬಾತ್‌ರೂಮ್ ಆದರೂ ಓಕೆ.’

ಅಷ್ಟೊತ್ತಿಗೆ ಹಿತ್ತಿಲ ಕಡೆಯಿಂದ ಬ್ರಷ್ಷಿನ ಸದ್ದು ಬರುತ್ತಿತ್ತು. ಬೆಳಿಗ್ಗೆ ಅಪ್ಪನಿಗೆ ಬಾತ್‌ರೂಮ್ ಮುಟ್ಟುವಷ್ಟರಲ್ಲಿ ತಡೆಯಲಾಗಿರಲಿಲ್ಲ. ಅಕ್ಕ ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡು ನೆಲ ತಿಕ್ಕುತ್ತಿದ್ದಳು. ನಾನು ಸ್ಕ್ರೀನಿನ ಮೇಲಿನ ಸಾಲನ್ನು ಇನ್ನೊಮ್ಮೆ ಓದಿದೆ. ಪೌಂಡಿನಲ್ಲಿ ದುಡ್ಡು ಕಟ್ಟಿ, ಏಳು ಗಾಡಿ ಬದಲಿಸಿ, ಎಂಟು ಸಾವಿರ ಕಿಲೋಮೀಟರ್ ಆಚೆ ಹೋಗಿ, ಗುರುತಿಲ್ಲದವರ ಬಾತ್‌ರೂಮ್ ತಿಕ್ಕಲು ನಾನು ಓಕೆ. ಮೂರು ವರ್ಷದಲ್ಲಿ ಈ ಮನೆಯ ಬಾತ್‌ರೂಮಿಗೆ ನಾನು ಒಂದು ಸಲವೂ ಬ್ರಷ್ ಹಿಡಿದಿರಲಿಲ್ಲ.

ಶೀಟನ್ನು ಮೇಲಿನಿಂದ ಕೆಳಗೆ ನೋಡಿದೆ. ‘ತುರ್ತು ಸಂಪರ್ಕ: ಅಕ್ಕ.’ ‘ಅಪ್ಪನ ಚೆಕಪ್: ಅಕ್ಕ.’ ‘ಮಾತ್ರೆ: ಅಕ್ಕ.’ ಎಲ್ಲಕ್ಕೂ ಹಸಿರು ಬಳಿದಿದ್ದೆ. ಅವಳನ್ನು ಕೇಳಿಯೇ ಇರಲಿಲ್ಲ.

ಸಂಜೆ ಟೀ ಕುಡಿಯುವಾಗ ಕೇಳಿದೆ. “ಅಕ್ಕ, ನಿನಗೆ ಒಂದು ವಾರ ಪೂರ್ತಿ ರಜೆ ಸಿಕ್ಕರೆ ಎಲ್ಲಿಗೆ ಹೋಗ್ತೀಯ?”

“ಒಂದು ವಾರ ತಗೊಂಡು ಏನ್ ಮಾಡ್ಲಿ? ಒಂದಿನ ಸಾಕು. ಹರಿಹರಕ್ಕೆ ಹೋಗಬೇಕು.”

“ಹರಿಹರಕ್ಕಾ?” ನಾನು ನಕ್ಕುಬಿಟ್ಟೆ. ಹರಿಹರ ನಮ್ಮ ಮನೆಯಿಂದ 14 ಕಿಲೋಮೀಟರ್. ನಿಮಿಷಕ್ಕೊಂದು ಬಸ್ಸು.

“ನಗಬೇಡ. ಅಪ್ಪನಿಗೆ ಹಂಗಾದಾಗ ಆರೋಗ್ಯ ಮಾತೆಗೆ ಹರಕೆ ಹೊತ್ತಿದ್ದೆ. ತೀರಿಸಿಯೂ ಬಂದೀನಿ. ಹೋಗೋದು, ಮೇಣದಬತ್ತಿ ಹಚ್ಚೋದು, ಓಡಿ ಬರೋದು. ಬಸ್ಸಲ್ಲೇ ಮೂರು ಸಲ ಫೋನ್ ಬರ್ತಾವೆ, ಆ ಮಾತ್ರೆ ಎಲ್ಲಿ, ಈ ಟವೆಲ್ ಎಲ್ಲಿ ಅಂತ. ಒಂದಿನ ಅಲ್ಲಿ ಸುಮ್ನೆ ಕೂತ್ಕೋಬೇಕು ಕಣೋ. ಗಡಿಯಾರ ನೋಡದಂಗೆ.”

ಸುಮ್ನೆ ಕೂರೋದು. ಹಿಂದಿನ ರಾತ್ರಿ ಅವಳಿಗೆ ನಾನು ರಿಟ್ರೀಟಿನ ಅರ್ಥ ಹೇಳಿದ್ದು ಹೆಚ್ಚುಕಡಿಮೆ ಇದೇ ಮಾತಿನಲ್ಲಿ.

ಭಾನುವಾರ ಬೇಡ, ಜನ ಜಾಸ್ತಿ ಅಂದಳು. ಬುಧವಾರ ಅಂತಾಯಿತು. ಭಾವ ಡ್ಯೂಟಿಗೆ, ಮಗಳು ಸ್ಪೆಷಲ್ ಕ್ಲಾಸಿಗೆ. ಬೆಳಿಗ್ಗೆ ಏಳೂವರೆಗೆ ಅಕ್ಕ ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತು ಹತ್ತು ಸೂಚನೆ ಕೊಟ್ಟಳು. ನಾನು ಎಲ್ಲದಕ್ಕೂ “ಗೊತ್ತು, ಗೊತ್ತು” ಅಂದೆ.

ಎಂಟು ಗಂಟೆಗೆ ನನಗೆ ಏನೂ ಗೊತ್ತಿಲ್ಲ ಅಂತ ಗೊತ್ತಾಯಿತು. ಅಪ್ಪನನ್ನು ಮಂಚದಿಂದ ಎಬ್ಬಿಸುವುದು ತಾಕತ್ತಿನ ಕೆಲಸ ಅಂದುಕೊಂಡಿದ್ದೆ. ಅದು ಲಯದ ಕೆಲಸ. ಎಡಗಾಲು ಮೊದಲು ನೆಲಕ್ಕೆ, ಆಮೇಲೆ ಬಲಗಾಲನ್ನು ನಾವು ಇಳಿಸಬೇಕು, ಬೆನ್ನಿಗೆ ಕೈ ಕೊಟ್ಟು ಅವರು ಉಸಿರು ಬಿಡುವ ಹೊತ್ತಿಗೆ ಸರಿಯಾಗಿ ಎತ್ತಬೇಕು. ನಾನು ಅವಸರದಲ್ಲಿ ಎಳೆದೆ. ಅಪ್ಪ “ಅಯ್ಯೋ” ಅಂದರು. ಎರಡನೇ ಸಲ ಅವರೇ “ತಡಿ... ಈಗ” ಅಂತ ಹೇಳಿಕೊಟ್ಟರು.

ಸ್ನಾನದ್ದು ಇನ್ನೂ ಕಷ್ಟ. ಬಾತ್‌ರೂಮಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅಪ್ಪ ಎಡಗೈಯಲ್ಲಿ ಲುಂಗಿಯನ್ನು ಬಿಗಿಯಾಗಿ ಹಿಡಿದುಕೊಂಡರು. ಬಿಡಲಿಲ್ಲ. ಮಗಳ ಮುಂದೆ ಅವರ ನಾಚಿಕೆ ಕರಗಿ ಮೂರು ವರ್ಷವಾಗಿತ್ತು. ಮಗನ ಮುಂದೆ ಹಾಗೇ ಇತ್ತು. ನಾನು ಹಿಂದೆ ನಿಂತು ಬೆನ್ನಿಗೆ ನೀರು ಹಾಕಿದೆ. ಬಿಸಿ ಜಾಸ್ತಿಯಾಯಿತೇ ಅಂತ ಕೇಳಿದೆ. ಇಲ್ಲ ಅಂದರು. ಬೆನ್ನು ಉಜ್ಜುತ್ತಾ ಹೋದ ಹಾಗೆ ಲುಂಗಿ ಹಿಡಿದ ಕೈ ಸಡಿಲವಾಯಿತು. ನಾವಿಬ್ಬರೂ ಏನೂ ಮಾತಾಡಲಿಲ್ಲ.

ಒಂಬತ್ತಕ್ಕೆ ಮಾತ್ರೆ. ಡಬ್ಬಿಯಲ್ಲಿ ಐದು ಥರದ ಸ್ಟ್ರಿಪ್‌ಗಳು. ಯಾವುದು ಬೆಳಿಗ್ಗೆ, ಯಾವುದು ರಾತ್ರಿ, ಅರ್ಧ ಮುರಿಯಬೇಕಾದ್ದು ಯಾವುದು? ಅಕ್ಕನಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಐದು ನಿಮಿಷ ಬಿಟ್ಟು ಮತ್ತೆ ಮಾಡಿದೆ. ಸ್ವಿಚ್ ಆಫ್. ಮೂರನೇ ಸಲಕ್ಕೆ ನನಗೆ ಸಿಟ್ಟು ಬಂತು. ಮನೆಯಲ್ಲಿ ಹೀಗೆ ಇರುವವರು ಇರುವಾಗ ಫೋನ್ ಆಫ್ ಮಾಡಿಕೊಂಡು ಹೋಗೋದಾ? ಈ ಮಾತು ಬಾಯಿಗೆ ಬಂದು ಅಲ್ಲೇ ನಿಂತಿತು.

“ಕಪಾಟು” ಅಂದರು ಅಪ್ಪ ಮಂಚದಿಂದ.

ಕಪಾಟಿನ ಬಾಗಿಲು ತೆಗೆದೆ. ಒಳಮಗ್ಗುಲಿಗೆ ಹಳೇ ಕ್ಯಾಲೆಂಡರಿನ ಒಂದು ಹಾಳೆಯನ್ನು ಹಿಂದುಮುಂದು ಮಾಡಿ ಅಂಟಿಸಿತ್ತು. ಅಕ್ಕನ ದುಂಡಗಿನ ಅಕ್ಷರ. ಹೊತ್ತು, ಮಾತ್ರೆಯ ಬಣ್ಣ, ಊಟಕ್ಕೆ ಮುಂಚೆ, ಊಟ ಆದಮೇಲೆ, ಬಿ.ಪಿ. ಎಷ್ಟಿದ್ದರೆ ಡಾಕ್ಟರಿಗೆ ಫೋನ್ ಮಾಡಬೇಕು, ಸ್ಪಂಜಿನ ಚೆಂಡು ಎಷ್ಟು ಸಲ ಹಿಂಡಿಸಬೇಕು, ಆಂಬುಲೆನ್ಸ್ ನಂಬರು. ಮುಗಿದದ್ದಕ್ಕೆ ಪೆನ್ಸಿಲ್ ಗೀಟು. ಮೂರು ವರ್ಷದ ಗೀಟುಗಳು ಒಂದರ ಮೇಲೊಂದು ಅಳಿಸಿ, ಬರೆದು, ಹಾಳೆ ಅಲ್ಲಲ್ಲಿ ತೆಳುವಾಗಿತ್ತು. ಇದು ಅವಳ ಎಕ್ಸೆಲ್ ಶೀಟು.

ಅಕ್ಕ ಬಂದದ್ದು ಸಂಜೆ ಐದೂವರೆಗೆ. ಕೈಯಲ್ಲಿ ಒಂದು ಪೊಟ್ಟಣ ಮಂಡಕ್ಕಿ, ಅರ್ಧ ಉರಿದ ಮೇಣದಬತ್ತಿ. ಬಂದವಳೇ ಅಪ್ಪನ ಹಣೆ ಮುಟ್ಟಿ ನೋಡಿದಳು. ಆಮೇಲೆ ಕಪಾಟಿನ ಬಾಗಿಲು ತೆಗೆದು ಗೀಟು ಎಣಿಸಿದಳು. ಒಂದೂ ತಪ್ಪಿರಲಿಲ್ಲ. ಆಮೇಲೆ ಕೂತಳು.

“ಚರ್ಚಲ್ಲಿ ಆಫ್ ಮಾಡಿದ್ದೆ. ಆಮೇಲೆ ಆನ್ ಮಾಡೋಕೆ ಮನಸ್ಸೇ ಬರಲಿಲ್ಲ. ಬೈತೀಯೇನೋ.”

“ಇಲ್ಲ” ಅಂದೆ.

ಹರಿಹರದ ಆರೋಗ್ಯ ಮಾತೆಯ ಚರ್ಚು ನಮ್ಮ ಕಡೆಯವರಿಗೆ ಹೊಸದಲ್ಲ. ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿದ್ದು. 2019ರಲ್ಲಿ ಪೋಪ್ ಫ್ರಾನ್ಸಿಸ್ ಅದಕ್ಕೆ ಮೈನರ್ ಬೆಸಿಲಿಕಾ ಎಂಬ ಪದವಿ ಕೊಟ್ಟರು, ಬೆಂಗಳೂರಿನ ಶಿವಾಜಿನಗರದ ಸೇಂಟ್ ಮೇರಿಸ್‌ಗೆ ಇರುವಂಥದ್ದೇ. ಸೆಪ್ಟೆಂಬರ್ 8ರ ಹಬ್ಬಕ್ಕೆ ಹೋದರೆ ಕಾಲಿಡಲು ಜಾಗವಿರುವುದಿಲ್ಲ. ಬರುವವರಲ್ಲಿ ಕ್ರೈಸ್ತರಷ್ಟೇ ಅಲ್ಲ, ಹಣೆಗೆ ವಿಭೂತಿ ಇಟ್ಟವರು, ಕುಂಕುಮ ಇಟ್ಟವರು, ಬುರ್ಖಾ ತೊಟ್ಟವರು ಎಲ್ಲರೂ ಇರುತ್ತಾರೆ. ಕಾಯಿಲೆಗೆ ಜಾತಿ ಇಲ್ಲವಲ್ಲ, ವಾಸಿ ಮಾಡುವ ಅಮ್ಮನಿಗೆ ಯಾಕಿರಬೇಕು ಅನ್ನುವುದು ಅಕ್ಕನ ವಾದ. ಹಬ್ಬ ಮುಗಿದ ಮೇಲಿನ ವಾರದ ದಿನವಾದ್ದರಿಂದ ಅವತ್ತು ಬೆಂಚುಗಳು ಖಾಲಿ ಇದ್ದವಂತೆ.

“ಎಷ್ಟೊತ್ತು ಕೂತೆ?”

“ಗೊತ್ತಿಲ್ಲ. ಮೊದ್ಲು ಅರ್ಧ ತಾಸು ಮನೆಯದ್ದೇ ಯೋಚನೆ. ನೀನು ಅಪ್ಪನ್ನ ಬೀಳಿಸಿದ್ಯೇನೋ ಅಂತ. ಆಮೇಲೆ ನಿದ್ದೆ ಬಂತು. ಕೂತಲ್ಲೇ ನಿದ್ದೆ. ಎದ್ದಾಗ ಪಕ್ಕದಲ್ಲಿ ಒಬ್ಬರು ಸಿಸ್ಟರ್ ಕೂತಿದ್ರು. ಎಬ್ಬಿಸಲಿಲ್ಲ, ಏನೂ ಕೇಳಲಿಲ್ಲ. ಯಾರೂ ಏನೂ ಕೇಳಲಿಲ್ಲ ಕಣೋ, ಇಡೀ ದಿನ.”

ಅಲ್ಲಿಂದ ಹರಿಹರೇಶ್ವರ ಗುಡಿಗೆ ಹೋದಳಂತೆ. ಹೊಯ್ಸಳ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ್ದು. ಅಯೋನಾದ ಕಲ್ಲಿನ ಮಠ ಎದ್ದ ಕಾಲಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ. ಅಲ್ಲಿನ ಮೂರ್ತಿ ಬಲಗಡೆ ಅರ್ಧ ಶಿವ, ಎಡಗಡೆ ಅರ್ಧ ವಿಷ್ಣು. ಗುಹಾಸುರನನ್ನು ಕೊಲ್ಲಲು ಒಬ್ಬರಿಂದ ಆಗಲಿಲ್ಲ, ಅದಕ್ಕೆ ಇಬ್ಬರೂ ಸೇರಿ ಒಂದೇ ಮೈಯಾದರು ಅನ್ನುವುದು ಕಥೆ. ಸಣ್ಣವರಿದ್ದಾಗ ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿ ಈ ಕಥೆ ಹೇಳಿದ್ದರು. ನಾನಾಗ ಅಕ್ಕನಿಗೆ “ನಾನು ಶಿವನ ಕಡೆ, ನೀನು ಇನ್ನೊಂದು ಕಡೆ” ಅಂದಿದ್ದೆನಂತೆ. ಅಕ್ಕ ಅದನ್ನು ನೆನಪಿಟ್ಟುಕೊಂಡಿದ್ದಾಳೆ.

“ಆಮೇಲೆ ಹೊಳೆ ದಂಡೆಗೆ ಹೋಗಿ ಮಂಡಕ್ಕಿ ತಿಂದೆ. ತುಂಗಭದ್ರೆ ತುಂಬ ಇದ್ದಳು” ಅಂದಳು. “ದಾವಣಗೆರೆ ಕಾಣ್ತಾ?” ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ.

ಆ ರಾತ್ರಿ ಶೀಟನ್ನು ಮತ್ತೆ ತೆರೆದೆ. ಅಯೋನಾ ಬೇಡ ಅಂತ ಅಳಿಸಿಬಿಡುವುದು ಸುಲಭವಿತ್ತು. ಅದರಿಂದ ಅಕ್ಕನಿಗೆ ಏನೂ ಸಿಗುತ್ತಿರಲಿಲ್ಲ, ನನಗೆ ಮಾತ್ರ ಒಳ್ಳೆಯವನಾದ ಸಮಾಧಾನ ಸಿಗುತ್ತಿತ್ತು. ಅದಕ್ಕೆ ಅಳಿಸಲಿಲ್ಲ. ಸಾಲುಗಳನ್ನು ಕೂಡಿಸಿದೆ. ತಿಂಗಳಿಗೆ ಎರಡು ಶುಕ್ರವಾರ ದಾವಣಗೆರೆಯಿಂದಲೇ ಕೆಲಸ ಮಾಡುವುದು, ಆ ಎರಡು ವಾರಾಂತ್ಯ ಅಪ್ಪನ ಸ್ನಾನ, ಬಾತ್‌ರೂಮು ನನ್ನದು. ಹಗಲು ಹೊತ್ತಿಗೆ ಒಬ್ಬ ಅಟೆಂಡರ್, ಅದರ ಸಂಬಳ ನನ್ನದು. ಜನವರಿಯಲ್ಲಿ ಅಕ್ಕನ ವಾರ. ‘ತುರ್ತು ಸಂಪರ್ಕ’ದ ಸಾಲಿನಲ್ಲಿ ಅಕ್ಕನ ಹೆಸರಿನ ಪಕ್ಕ ಭಾವನ ಹೆಸರೂ ಬಂತು, ಭಾವನನ್ನು ಕೇಳಿಯೇ.

ಜನವರಿ ವಾರಕ್ಕೆ ಅಕ್ಕ ಎಲ್ಲಿಗೂ ದೂರ ಹೋಗಲಿಲ್ಲ. ಹುಬ್ಬಳ್ಳಿಯಲ್ಲಿ ಕಾಲೇಜ್ ಗೆಳತಿಯ ಮನೆ. “ಏನ್ ನೋಡಿದೆ?” ಅಂದರೆ “ನಿದ್ದೆ ಮಾಡಿದೆ” ಅಂದಳು. ಆ ವಾರ ನಾನು ಒಂದು ಸಲ ಅಪ್ಪನಿಗೆ ರಾತ್ರಿ ಮಾತ್ರೆ ಕೊಡಲು ಮರೆತು, ಹನ್ನೆರಡಕ್ಕೆ ನೆನಪಾಗಿ, ಡಾಕ್ಟರಿಗೆ ಫೋನ್ ಮಾಡಿ ಬೈಸಿಕೊಂಡೆ. ಗೀಟು ಹಾಕುವುದು ಯಾಕೆ ಅಂತ ಆಗ ಅರ್ಥವಾಯಿತು.

ಫೋನಿನ ವಿಷಯ ಉಳಿದಿತ್ತು. ಅಯೋನಾದಲ್ಲಿ ಆನ್ ಇಟ್ಟಿರಲಾ ಅಂತ ಕೇಳಿದೆ. ಅಕ್ಕ ಬೇಡ ಅಂದಳು. “ಆಫ್ ಮಾಡು. ನಾನೂ ಅವತ್ತು ಆಫ್ ಮಾಡಿದ್ದೆನಲ್ಲ. ಅಲ್ಲಿನ ಆಫೀಸ್ ನಂಬರ್ ಕೊಟ್ಟು ಹೋಗು, ಬೇಕೇ ಬೇಕು ಅಂದ್ರೆ ಅವರಿಗೆ ಮಾಡ್ತೀನಿ. ಗ್ಯಾಸ್‌ಗೆಲ್ಲ ಮಾಡಲ್ಲ.” ಇಂಥ ಕಡೆ ಹೋಗುವವರಿಗೆ ನಾನು ಹೇಳಬಹುದಾದ ಉಪಯೋಗದ ಮಾತು ಇದೊಂದೇ: ಮೊದಲು ಆಫೀಸಿನ ನಂಬರು ಕೇಳಿ ತಗೊಳ್ಳಿ, ಮನೆಯಲ್ಲಿ ಇರುವವರ ಕೈಗೆ ಕೊಡಿ. ಈಗ ಆ ನಂಬರು ಕಪಾಟಿನ ಬಾಗಿಲಿನ ಹಾಳೆಯಲ್ಲಿ, ಆಂಬುಲೆನ್ಸ್ ನಂಬರಿನ ಕೆಳಗೆ, ಅಕ್ಕನ ದುಂಡಗಿನ ಅಕ್ಷರದಲ್ಲಿದೆ. ಸ್ಕಾಟ್ಲೆಂಡಿನ ಕೋಡ್ ಸಮೇತ.

ವೀಸಾ ಬಂದಾಯಿತು. ಬುಕಿಂಗ್ ಕನ್ಫರ್ಮ್ ಆದ ದಿನ ನಾನು ದಾವಣಗೆರೆಯಲ್ಲೇ ಇದ್ದೆ. ಅಪ್ಪನ ಬೆನ್ನಿಗೆ ನೀರು ಹಾಕುತ್ತಾ ವಿಷಯ ಹೇಳಿದೆ.

“ಅಲ್ಲಿ ನಿಂಗೆ ಯಾವ ಕೆಲಸ ಕೊಡ್ತಾರಂತೆ?”

“ಹೋದ ಮೇಲೆ ಹೇಳ್ತಾರಪ್ಪ. ಪಾತ್ರೆ ಇರಬಹುದು.”

ಅಪ್ಪ ಸ್ವಲ್ಪ ಹೊತ್ತು ಯೋಚಿಸಿದರು. “ತಳ ತಿಕ್ಕು” ಅಂದರು. “ಬರೇ ಒಳಗಲ್ಲ. ತಳಾನೂ ತಿಕ್ಕು.”